ಕಮೋಡ್ ಆರಿಸುವ ಮೊದಲು ಪೈಪ್ ಅಳೆಯಿರಿ: ಮನೆಯ ಟಾಯ್ಲೆಟ್ ಆಯ್ಕೆಗೆ ಸಮಗ್ರ ಮಾರ್ಗದರ್ಶಿ

ಬಾತ್‌ರೂಮ್‌ಗೆ ಕಮೋಡ್ ಬೇಕೆಂದವರು ಮೊದಲು ಹೋಗುವುದು ಅಂಗಡಿಗೆ. ಸಾಲಾಗಿ ಇಟ್ಟ ಬಿಳಿ ಪಿಂಗಾಣಿಯಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ತೋರಿಸಿ, ಮುಂಗಡ ಕೊಟ್ಟು, ಆಮೇಲೆ ಪ್ಲಂಬರ್‌ಗೆ ಫೋನ್ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಮನೆಗೆ ಬಂದ ಕಮೋಡ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅದು ಗೋಡೆಯಿಂದ 220 ಮಿ.ಮೀ. ದೂರದ ಔಟ್‌ಲೆಟ್‌ಗೆ ಮಾಡಿದ್ದು. ನಮ್ಮ ನೆಲದ ಪೈಪ್ ಇದ್ದದ್ದು 300 ಮಿ.ಮೀ. ದೂರದಲ್ಲಿ. ಕೂರಿಸಿದಾಗ ಟ್ಯಾಂಕಿನ ಹಿಂದೆ ಮೂರು ಇಂಚಿನ ಸಂದು ಉಳಿಯಿತು. ಬ್ರಷ್ಷೂ ಸರಿಯಾಗಿ ಆಡದ ಆ ಸಂದಿಯಲ್ಲಿ ವರ್ಷಗಟ್ಟಲೆ ಧೂಳು, ತೇವ, ಜೇಡರಬಲೆ. ಅಂದಿನಿಂದ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ಟಾಯ್ಲೆಟ್ ಆಯ್ಕೆ ಪೈಪಿನಿಂದ ಶುರುವಾಗಲಿ, ಅಲ್ಲಿಂದ ಅದನ್ನು ಬಳಸುವವರ ಮೊಣಕಾಲಿಗೆ ಬರಲಿ, ಆಮೇಲೆ ನೀರಿಗೆ. ಆಕಾರ, ಅಂದ ಎಲ್ಲ ಕೊನೆಗೆ. ಈ ಬರಹದ ಹಂತಗಳೂ ಅದೇ ಕ್ರಮದಲ್ಲಿವೆ.

ಹಂತ 1: ಟೇಪ್ ಹಿಡಿದು ಬಾತ್‌ರೂಮಿಗೆ ಹೋಗಿ

ಮೊದಲು ನೋಡಬೇಕಾದದ್ದು ಕೊಳೆನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದು. ಪೈಪ್ ನೆಲದೊಳಗೆ ಇಳಿದರೆ ನಿಮಗೆ ಬೇಕಾದದ್ದು ಎಸ್-ಟ್ರ್ಯಾಪ್ ಕಮೋಡ್. ಹಿಂದಿನ ಗೋಡೆಯೊಳಗೆ ಹೋದರೆ ಪಿ-ಟ್ರ್ಯಾಪ್. ಅಕ್ಷರಗಳ ಆಕಾರ ನೆನಪಿಟ್ಟುಕೊಂಡರೆ ಸಾಕು. ಎಸ್ ಕೊನೆಯಲ್ಲಿ ಕೆಳಕ್ಕೆ ತಿರುಗುತ್ತದೆ, ಮಲಗಿಸಿದ ಪಿ ಅಡ್ಡಕ್ಕೆ ಹೊರಡುತ್ತದೆ. ಎರಡರಲ್ಲೂ ಟ್ರ್ಯಾಪ್ ಎಂಬ ಒಳಗಿನ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ದುರ್ಗಂಧ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕ 1775ರಲ್ಲಿ ಈ ಬಾಗಿದ ಕೊಳವೆಗೆ ಪೇಟೆಂಟ್ ಪಡೆದ. ಇವತ್ತಿನ ಅತಿ ದುಬಾರಿ ಕಮೋಡ್ ಕೂಡ ವಾಸನೆ ತಡೆಯುವುದು ಅದೇ ಉಪಾಯದಿಂದ.

ಎಸ್-ಟ್ರ್ಯಾಪ್ ಆದರೆ, ಹಿಂದಿನ ಗೋಡೆಯಿಂದ ನೆಲದ ಪೈಪಿನ ನಡುಬಿಂದುವಿನವರೆಗೆ ಅಳೆಯಿರಿ. ಇದಕ್ಕೆ ರಫ್-ಇನ್ ಎನ್ನುತ್ತಾರೆ. ಪ್ಲಂಬರ್‌ಗಳ ಮಾತಿನಲ್ಲಿ ‘ಸೆಂಟರ್’. ಸಾಮಾನ್ಯವಾಗಿ ಸಿಗುವ ಅಳತೆಗಳು 220 ಮಿ.ಮೀ. ಮತ್ತು 300 ಮಿ.ಮೀ., ಅಂದರೆ ಸುಮಾರು 9 ಮತ್ತು 12 ಇಂಚು. ಹಳೆಯ ಕಮೋಡ್ ಇನ್ನೂ ಕೂತಿದ್ದರೆ ಪೈಪ್ ಕಾಣುವುದಿಲ್ಲ. ಆಗ ಗೋಡೆಯಿಂದ ಕಮೋಡಿನ ಬುಡದ ಬೋಲ್ಟ್‌ವರೆಗೆ ಅಳೆದರೆ ಅಂದಾಜು ಸಿಗುತ್ತದೆ. ಎರಡು ಜೊತೆ ಬೋಲ್ಟ್ ಇದ್ದರೆ ಹಿಂದಿನ ಜೊತೆಯನ್ನು ಹಿಡಿಯಿರಿ. ಪಿ-ಟ್ರ್ಯಾಪ್ ಆದರೆ ನೆಲದಿಂದ ಗೋಡೆಯ ಪೈಪಿನ ನಡುವಿನವರೆಗಿನ ಎತ್ತರ ಬೇಕು. ನೆಲದ ಮೇಲೆ ಕೂರುವ ಪಿ-ಟ್ರ್ಯಾಪ್ ಕಮೋಡ್‌ಗಳಿಗೆ ಇದು ಹೆಚ್ಚಾಗಿ 180 ಮಿ.ಮೀ. ಇರುತ್ತದೆ.

ಹೊಸ ಕಟ್ಟಡಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅಳತೆ ಮುಗಿದ ಗೋಡೆಯಿಂದ ಆಗಬೇಕು, ಬರಿ ಇಟ್ಟಿಗೆಯಿಂದಲ್ಲ. ಪ್ಲಾಸ್ಟರ್, ಅಂಟು, ಟೈಲ್ಸ್ ಸೇರಿ ಗೋಡೆ ಒಂದರಿಂದ ಒಂದೂವರೆ ಇಂಚು ಮುಂದೆ ಬರುತ್ತದೆ. ಇಟ್ಟಿಗೆಯಿಂದ ಅಳೆದು 300 ಮಿ.ಮೀ.ಗೆ ಇಟ್ಟ ಪೈಪ್, ಟೈಲ್ಸ್ ಆದ ಮೇಲೆ 265 ಮಿ.ಮೀ.ಗೆ ಬಂದು ನಿಲ್ಲುತ್ತದೆ; 300ರ ಕಮೋಡ್ ಅಲ್ಲಿ ಕೂರುವುದೇ ಇಲ್ಲ. ನೆನಪಿಡಿ: ಪೈಪ್ ಬೇಕಾದ್ದಕ್ಕಿಂತ ದೂರವಿದ್ದರೆ ಸಂದು ಉಳಿಯುತ್ತದೆ, ಹತ್ತಿರವಿದ್ದರೆ ಟ್ಯಾಂಕ್ ಗೋಡೆಗೆ ತಗಲುತ್ತದೆ. ಮೊದಲನೆಯದು ಕಿರಿಕಿರಿ, ಎರಡನೆಯದು ನೆಲ ಒಡೆಯುವ ಕೆಲಸ. ಸ್ವಲ್ಪ ವ್ಯತ್ಯಾಸವಿದ್ದರೆ ಕಮೋಡನ್ನು ಪೈಪಿಗೆ ಕೂಡಿಸುವ, ವಾರೆ ಇರುವ ಪ್ಯಾನ್ ಕನೆಕ್ಟರ್ ಹಾಕಿ ಹೊಂದಿಸಬಹುದು. ಆದರೆ ಆ ವಾರೆಯಲ್ಲೇ ಮುಂದೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅದನ್ನು ಒಪ್ಪಿ.

ಇನ್ನು ಸುತ್ತಲಿನ ಜಾಗ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ ಕನಿಷ್ಠ 15 ಇಂಚು, ಮುಂದೆ ಕನಿಷ್ಠ 21 ಇಂಚು ಇರಬೇಕೆಂದು ಅಮೆರಿಕದಲ್ಲಿ ಬಳಕೆಯಲ್ಲಿರುವ ಪ್ಲಂಬಿಂಗ್ ಸಂಹಿತೆ ಹೇಳುತ್ತದೆ. ಅದು ತೀರಾ ಕಡಿಮೆಯ ಮಿತಿ. ಮೊಣಕೈ ತಾಗದೆ ಕೂರಲು ಪಕ್ಕದಲ್ಲಿ 18, ಮುಂದೆ 24 ಇಂಚು ಸಿಕ್ಕರೆ ಒಳ್ಳೆಯದು. ಕೋಣೆ ಚಿಕ್ಕದಾದರೆ ಕಮೋಡಿನ ಬಾಯಿಯ ಆಕಾರ ಲೆಕ್ಕಕ್ಕೆ ಬರುತ್ತದೆ: ಗುಂಡನೆಯದಕ್ಕಿಂತ ಮೊಟ್ಟೆಯಾಕಾರದ್ದು ಸುಮಾರು ಎರಡು ಇಂಚು ಉದ್ದ. ದೊಡ್ಡವರಿಗೆ ಹಿತವಾಗುವುದು ಉದ್ದನೆಯದೇ. ಆದರೆ ಬಾಗಿಲು ತೆರೆದಾಗ ಅದಕ್ಕೆ ಬಡಿಯುವಂತಿದ್ದರೆ ಗುಂಡನೆಯದನ್ನೇ ಆರಿಸಿ, ಇಲ್ಲವೇ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ. ನನ್ನ ಒಲವು ಎರಡನೆಯದರ ಕಡೆಗೆ. ಒಳಗೆ ಯಾರಾದರೂ ಕುಸಿದು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ಅಡ್ಡವಾಗಿ ತೆರೆಯದೆ ನಿಲ್ಲುತ್ತದೆ.

ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಪೈಪಿನ ಪಕ್ಕ ಟೇಪ್ ಹಿಡಿದು ಒಂದು ಫೋಟೊ ತೆಗೆದಿಡಿ. ಅಂಗಡಿಯಲ್ಲಿ ವಾದಕ್ಕೆ ಬಿದ್ದಾಗ ಆ ಫೋಟೊ ಕೆಲಸಕ್ಕೆ ಬರುತ್ತದೆ.

ಹಂತ 2: ಯಾರು ಬಳಸುತ್ತಾರೆ?

ಇಂಡಿಯನ್ ಟಾಯ್ಲೆಟ್ಟೋ ವೆಸ್ಟರ್ನ್ ಕಮೋಡೋ ಎಂಬ ಪ್ರಶ್ನೆಗೆ ಬಹಳ ಜನ ಅಭಿಮಾನದಿಂದ ಉತ್ತರಿಸುತ್ತಾರೆ. ಉತ್ತರ ಸಿಗಬೇಕಾದದ್ದು ಮನೆಯವರ ಮಂಡಿಯಿಂದ.

ಕುಕ್ಕರುಗಾಲಲ್ಲಿ ಕೂತಾಗ ದೇಹಕ್ಕೆ ನಿಜವಾದ ಅನುಕೂಲವಿದೆ. ಗುದನಾಳವನ್ನು ಒಂದು ಸ್ನಾಯು ಕುಣಿಕೆಯಂತೆ ಹಿಡಿದು ಬಾಗಿಸಿರುತ್ತದೆ. ನೆಟ್ಟಗೆ ಕುರ್ಚಿಯ ಮೇಲೆ ಕೂತಂತೆ ಕೂತಾಗ ಆ ಬಾಗು ಪೂರ್ತಿ ಸಡಿಲವಾಗುವುದಿಲ್ಲ. ಮಂಡಿ ಮೇಲಕ್ಕೆ ಬಂದಾಗ ನಾಳ ಇನ್ನಷ್ಟು ನೇರವಾಗುತ್ತದೆ, ತಿಣುಕುವುದು ಕಡಿಮೆಯಾಗುತ್ತದೆ. ಮೈಗೆ ಪಿಂಗಾಣಿ ತಾಗುವುದಿಲ್ಲ. ಚೊಂಬು ಅಥವಾ ಮಗ್ಗಿನಿಂದ ನೀರು ಹೊಯ್ದು ಕಳಿಸುವಂಥ ಪ್ಯಾನ್ ಆದರೆ ಎರಡು-ಮೂರು ಲೀಟರ್ ಸಾಕು, ಟ್ಯಾಂಕಿನ ಅಗತ್ಯವೇ ಇಲ್ಲ. ಕೆಡುವಂಥ ಬಿಡಿಭಾಗ ಅದರಲ್ಲಿ ಒಂದೂ ಇಲ್ಲ. ನೀರು ಗಂಟೆಗಟ್ಟಲೆ ಬಾರದ ಮನೆಗೆ ಇದು ಸಣ್ಣ ಗುಣವಲ್ಲ.

ಆದರೆ ಸಂಧಿವಾತ ಇರುವವರು, ಮಂಡಿ ಶಸ್ತ್ರಚಿಕಿತ್ಸೆ ಆದವರು, ತುಂಬು ಗರ್ಭಿಣಿಯರು, ತೂಕ ಹೆಚ್ಚಿರುವವರು, ತಲೆಸುತ್ತು ಬರುವ ಹಿರಿಯರು ಕೂತು ಏಳುವುದೇ ಅಪಾಯ. ನನ್ನ ಅಮ್ಮ ಮಂಡಿನೋವನ್ನು ಹೇಳಿಕೊಂಡವರಲ್ಲ. ಟಾಯ್ಲೆಟ್‌ಗೆ ಹೋಗುವುದು ತಪ್ಪಲೆಂದು ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದು ಗೊತ್ತಾಗಲು ನಮಗೆ ತಿಂಗಳುಗಳೇ ಬೇಕಾದವು. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಕೇಳಿ, ಅವರು ಏಳುವಾಗ ಕೈ ಎಲ್ಲಿ ಊರುತ್ತಾರೆ ಎಂದು ನೋಡಿ.

ಎರಡು ಟಾಯ್ಲೆಟ್‌ಗೆ ಜಾಗವಿದ್ದರೆ ಒಂದು ಇಂಡಿಯನ್, ಒಂದು ಕಮೋಡ್ ಎಂದು ಮಾಡಿಸಿ. ಒಂದೇ ಇದ್ದರೆ ನನ್ನ ಮತ ಕಮೋಡಿಗೆ. ಕುಕ್ಕರಿಸಲು ಆಗುವವರು ಕಮೋಡಿನ ಮುಂದೆ ಆರೇಳು ಇಂಚಿನ ಕಾಲ್ಮಣೆ ಇಟ್ಟುಕೊಂಡು ಮಂಡಿ ಎತ್ತರಿಸಿಕೊಳ್ಳಬಹುದು. ಕುಕ್ಕರಿಸಲಾಗದವರಿಗೆ ಇಂಡಿಯನ್ ಪ್ಯಾನಿನಲ್ಲಿ ಅಷ್ಟು ಸುಲಭದ ಪರಿಹಾರ ಇಲ್ಲ. ಹಾಗೆಂದು ಮಾಮೂಲಿ ಕಮೋಡಿನ ಅಂಚಿನ ಮೇಲೆ ಹತ್ತಿ ಕುಕ್ಕರಿಸಲು ಯಾರಿಗೂ ಬಿಡಬೇಡಿ. ಪಿಂಗಾಣಿ ಒಡೆದರೆ ಚೂರಿಯಂಥ ಅಂಚು ಬರುತ್ತದೆ, ಆಗುವ ಗಾಯ ತುಂಬ ಆಳದ್ದು. ಎರಡೂ ರೀತಿ ಕೂರಬೇಕೆಂದರೆ ಪಾದ ಊರಲು ಅಗಲವಾದ ಅಂಚಿರುವ ಆಂಗ್ಲೋ-ಇಂಡಿಯನ್ ಮಾದರಿಯೇ ಬೇರೆ ಇದೆ. ಎರಡು ಕೆಲಸಕ್ಕೂ ಒದಗುತ್ತದೆ, ನಿಜ. ಆದರೆ ಕೂರಲು ಕಮೋಡಿನಷ್ಟು ಹಿತವಲ್ಲ, ಅಷ್ಟು ಎತ್ತರಕ್ಕೆ ಹತ್ತಿ ಕೂರುವುದು ಹಿರಿಯರಿಗೂ ಮಕ್ಕಳಿಗೂ ಕ್ಷೇಮವಲ್ಲ. ನಾನಂತೂ ಯಾರಿಗೂ ಹೇಳುವುದಿಲ್ಲ.

ಹಳೆಯ ಇಂಡಿಯನ್ ಪ್ಯಾನ್ ತೆಗೆದು ಕಮೋಡ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಪ್ಯಾನಿನ ಟ್ರ್ಯಾಪ್ ನೆಲದ ಕೆಳಗೆ ಇರುತ್ತದೆ, ಕಮೋಡಿನದು ಅದರ ಒಡಲಿನಲ್ಲೇ ಇರುತ್ತದೆ. ಹಳೆಯ ಟ್ರ್ಯಾಪ್ ತೆಗೆಯದೆ ಅದರ ಮೇಲೇ ಕಮೋಡ್ ಕೂರಿಸಿದರೆ ಒಂದರ ಹಿಂದೆ ಒಂದು ಎರಡು ಬಾಗುಗಳಾಗಿ, ನಡುವೆ ಗಾಳಿ ಸಿಕ್ಕಿಕೊಂಡು, ಫ್ಲಶ್ ನಿಧಾನವಾಗುತ್ತದೆ, ಪದೇಪದೇ ಕಟ್ಟಿಕೊಳ್ಳುತ್ತದೆ. ನೆಲ ಒಡೆಸಲು ಮನಸ್ಸಿಲ್ಲವೆಂದು ಈ ಕೆಲಸವನ್ನು ಅರ್ಧಕ್ಕೆ ಬಿಡಬೇಡಿ.

*ಎತ್ತರ.* ಮಾಮೂಲಿ ಕಮೋಡ್ 15-16 ಇಂಚು ಎತ್ತರ. ‘ಕಂಫರ್ಟ್ ಹೈಟ್’ ಎಂದು ಮಾರುವವು ಸೀಟ್ ಸೇರಿ 17ರಿಂದ 19 ಇಂಚು. ಅಂಗವಿಕಲರ ಅನುಕೂಲಕ್ಕೆ ಅಮೆರಿಕದ ನಿಯಮ ಗೊತ್ತುಮಾಡಿರುವುದೂ ಇಷ್ಟೇ. ಯಾವುದು ಬೇಕೆಂದು ತಿಳಿಯಲು ಗಟ್ಟಿ ಕುರ್ಚಿಯಲ್ಲಿ ಪಾದ ಪೂರ್ತಿ ಊರಿ ಕೂತು, ನೆಲದಿಂದ ಮಂಡಿಯ ಹಿಂಭಾಗದ ಮಡಿಕೆಗೆ ಅಳೆಯಿರಿ. ಸೀಟಿನ ಎತ್ತರ ಅದಕ್ಕೆ ಸರಿಸಮ ಇರಬೇಕು. ಏಳಲು ಕಷ್ಟಪಡುವವರಿಗೆ ಒಂದೆರಡು ಇಂಚು ಜಾಸ್ತಿ ಇರಲಿ. ಎಲ್ಲರಿಗೂ ಎತ್ತರದ್ದೇ ಒಳ್ಳೆಯದೆಂಬ ಅಂಗಡಿಯವರ ಮಾತು ನಂಬಬೇಡಿ. ಕುಳ್ಳಗಿರುವವರಿಗೆ, ಮಕ್ಕಳಿಗೆ ಅಂಥ ಕಮೋಡಿನಲ್ಲಿ ಕಾಲು ಜೋತಾಡುತ್ತದೆ, ತೊಡೆಯಡಿ ಒತ್ತಿ ಜೋಮು ಹಿಡಿಯುತ್ತದೆ, ಹೊಟ್ಟೆಯೂ ಸಲೀಸಾಗಿ ಖಾಲಿಯಾಗುವುದಿಲ್ಲ.

ಹಿಡಿಕೆ ಕಂಬಿ ಈಗ ಬೇಡವಾದರೂ, ಟೈಲ್ಸ್ ಹಾಕುವ ಮೊದಲೇ ಅದು ಬರಬೇಕಾದ ಕಡೆ ಗೋಡೆ ಗಟ್ಟಿಯಾಗಿರುವಂತೆ ನೋಡಿಕೊಳ್ಳಿ. ನೆಲದಿಂದ 33ರಿಂದ 36 ಇಂಚು ಎತ್ತರ ಅದರ ಜಾಗ. ಟವೆಲ್ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ.

ಹಂತ 3: ಒಡಲಿನ ಮಾದರಿ

ಟ್ಯಾಂಕೂ ಬುಡವೂ ಬೇರೆಬೇರೆಯಾಗಿದ್ದು ಬೋಲ್ಟ್ ಹಾಕಿ ಕೂಡಿಸುವುದು ಟೂ-ಪೀಸ್. ಒಂದೇ ಅಚ್ಚಿನಲ್ಲಿ ಬಂದದ್ದು ಒನ್-ಪೀಸ್. ಒನ್-ಪೀಸಿನಲ್ಲಿ ಕೂಡು ಇಲ್ಲದ್ದರಿಂದ ಕೊಳೆ ಕೂರುವ ಜಾಗ ಕಡಿಮೆ, ಟ್ಯಾಂಕಿನ ಬುಡದ ವಾಷರ್ ಸೋರುವ ತೊಂದರೆಯೂ ಇಲ್ಲ. ಆದರೆ ತೂಕ ಬಹಳ. ಮೇಲಿನ ಮಹಡಿಗೆ ಹೊರಲು ಇಬ್ಬರು ಬೇಕು. ಟ್ಯಾಂಕ್ ಸೀಳಿದರೆ ಇಡೀ ಕಮೋಡನ್ನೇ ಬದಲಿಸಬೇಕು. ಟೂ-ಪೀಸಿನಲ್ಲಿ ಒಡೆದದ್ದನ್ನು ಮಾತ್ರ ಬದಲಿಸಬಹುದು. ಬಾಡಿಗೆಗೆ ಕೊಡುವ ಮನೆಗೆ ಟೂ-ಪೀಸ್ ಸಾಕು.

ಗೋಡೆಗೆ ತೂಗುವ ವಾಲ್-ಹಂಗ್ ಕಮೋಡಿನ ಬಗ್ಗೆ ಹೆಚ್ಚು ಹೇಳಬೇಕು. ಏಕೆಂದರೆ ಇದರಲ್ಲಿ ಸಿಗುವ ಸುಖವೂ ದೊಡ್ಡದು, ಆಗುವ ತಪ್ಪೂ ದೊಡ್ಡದು. ಕೆಳಗೆ ನೆಲ ಪೂರ್ತಿ ಖಾಲಿ ಇರುವುದರಿಂದ ಒರೆಸುವುದು ಬಲು ಸುಲಭ. ಎತ್ತರವನ್ನು ಕೂರಿಸುವಾಗ ನೀವೇ ಗೊತ್ತುಮಾಡಬಹುದು. ಹಿರಿಯರಿರುವ ಮನೆಗೆ ಇದು ದೊಡ್ಡ ಅನುಕೂಲ. ‘ಬಿದ್ದುಹೋದರೆ?’ ಎಂಬುದು ಎಲ್ಲರ ಮೊದಲ ಪ್ರಶ್ನೆ. ಯೂರೋಪಿನ ಮಾನದಂಡದ ಪ್ರಕಾರ ಇಂಥ ಕಮೋಡ್ 400 ಕೆ.ಜಿ. ಭಾರವನ್ನು ಒಂದು ಗಂಟೆ ತಡೆದು ತೋರಿಸಬೇಕು. ಸರಿಯಾಗಿ ಕೂರಿಸಿದ್ದು ಬೀಳುವುದಿಲ್ಲ. ಆದರೆ ಅಷ್ಟೂ ಭಾರ ಹೋಗಿ ಸೇರುವುದು ಗೋಡೆಯೊಳಗಿನ ಉಕ್ಕಿನ ಚೌಕಟ್ಟಿಗೆ. ಅದು ಗಟ್ಟಿ ಗೋಡೆಗೂ ನೆಲಕ್ಕೂ ಬಿಗಿಯಾಗಿರಬೇಕು. ಟೊಳ್ಳು ಇಟ್ಟಿಗೆಯ ಅಥವಾ ಹಗುರ ಬ್ಲಾಕಿನ ತೆಳುಗೋಡೆಗೆ ಬರಿ ಎರಡು ಬೋಲ್ಟ್ ಹೊಡೆದು ತೂಗುಹಾಕುವವರನ್ನು ಕೆಲಸಕ್ಕೆ ಕರೆಯಬೇಡಿ. ಅಂಥ ಗೋಡೆಗೆ ನೆಲದ ಮೇಲೆ ಕಾಲೂರಿ ನಿಲ್ಲುವ ಚೌಕಟ್ಟು ಸಿಗುತ್ತದೆ.

ವಾಲ್-ಹಂಗ್ ಎಂದರೆ ಸಾಮಾನ್ಯವಾಗಿ ಫ್ಲಶ್ ಟ್ಯಾಂಕ್ ಗೋಡೆಯೊಳಗೆ ಅಡಗಿರುತ್ತದೆ. ಅದನ್ನು ಕನ್ಸೀಲ್ಡ್ ಸಿಸ್ಟರ್ನ್ ಎನ್ನುತ್ತಾರೆ. ಅದಕ್ಕೆ ಗೋಡೆಯಲ್ಲಿ ನಾಲ್ಕೂವರೆಯಿಂದ ಆರು ಇಂಚು ಆಳ ಬೇಕು, ಇಲ್ಲವೇ ಮುಂದಕ್ಕೆ ಒಂದು ಕಿರುಗೋಡೆ ಕಟ್ಟಬೇಕು. ಆ ಕಿರುಗೋಡೆ ತಿನ್ನುವ ಜಾಗವನ್ನು ಒಂದನೇ ಹಂತದ ಅಳತೆಯಿಂದ ಕಳೆದು ನೋಡಿ. ರಿಪೇರಿ ಏನೇ ಬಂದರೂ ಬಟನ್ ಪ್ಲೇಟಿನ ಹಿಂದಿನ ಕಿಂಡಿಯಿಂದಲೇ ಆಗಬೇಕು. ಹಾಗಾಗಿ ಈ ಟ್ಯಾಂಕಿನ ವಿಷಯದಲ್ಲಿ ಮಾತ್ರ ಅಗ್ಗದ್ದಕ್ಕೆ ಹೋಗಬೇಡಿ. ವಾಷರ್, ವಾಲ್ವ್ ಹತ್ತು ವರ್ಷದ ಮೇಲೂ ಸಿಗುವಂಥ ಹೆಸರಾಂತ ಕಂಪನಿಯದ್ದನ್ನೇ ತನ್ನಿ, ಟೈಲ್ಸ್ ಮುಚ್ಚುವ ಮೊದಲು ನೀರು ತುಂಬಿಸಿ ಒಂದು ದಿನ ಬಿಟ್ಟು ಸೋರಿಕೆ ನೋಡಿ. ಚೌಕಟ್ಟಿನ ಬೋಲ್ಟುಗಳ ಅಂತರ 180 ಮಿ.ಮೀ. ಅಥವಾ 230 ಮಿ.ಮೀ. ಇರುತ್ತದೆ. ಕಮೋಡಿನ ರಂಧ್ರಗಳೂ ಅಷ್ಟೇ ಇವೆಯೇ ಎಂದು ಖಚಿತಪಡಿಸಿಕೊಳ್ಳಿ.

ನೆಲದ ಮೇಲೆ ಕೂತು, ಟ್ಯಾಂಕ್ ಮಾತ್ರ ಗೋಡೆಯೊಳಗಿರುವ ಬ್ಯಾಕ್-ಟು-ವಾಲ್ ಮಾದರಿ ಮಾಮೂಲಿ ಕಮೋಡಿಗೂ ವಾಲ್-ಹಂಗ್ ಕಮೋಡಿಗೂ ನಡುವಿನದು. ಗೋಡೆ ಗಟ್ಟಿಯಿಲ್ಲದ ಮನೆಗೆ ಒಳ್ಳೆಯ ರಾಜಿ. ಕೊಳೆನೀರಿನ ಪೈಪ್ ಹತ್ತಿರದಲ್ಲೇ ಇಲ್ಲದ ನೆಲಮಾಳಿಗೆಯಂಥ ಕಡೆಗೆ, ತ್ಯಾಜ್ಯವನ್ನು ಅರೆದು ಮೇಲಕ್ಕೆ ತಳ್ಳುವ ಮೆಸರೇಟರ್ ಪಂಪ್ ಇದೆ. ಕರೆಂಟ್ ಇಲ್ಲದಾಗ ಅದು ಕೆಲಸ ಮಾಡುವುದಿಲ್ಲ ಎಂಬುದು ಗೊತ್ತಿದ್ದೇ ಹಾಕಿಸಿ.

ಹಂತ 4: ಫ್ಲಶ್

ಅಂಗಡಿಯಲ್ಲಿ ಯಾರೂ ಕೇಳದ, ಆದರೆ ದಿನಾ ಅನುಭವಿಸುವ ವಿಷಯ ಇದು. ಒಳಗಿನ ಕೆಲಸದಲ್ಲಿ ಕಮೋಡ್‌ಗಳು ಎರಡು ಜಾತಿ.

ವಾಶ್‌ಡೌನ್‌ನಲ್ಲಿ ನೀರು ಮೇಲಿನಿಂದ ರಭಸವಾಗಿ ಬಿದ್ದು ತನ್ನ ಭಾರದಿಂದಲೇ ಎಲ್ಲವನ್ನೂ ತಳ್ಳುತ್ತದೆ. ಹೊರದಾರಿ ಅಗಲ, ಬಾಗು ಗಿಡ್ಡ, ಹೀಗಾಗಿ ಕಟ್ಟಿಕೊಳ್ಳುವುದು ಅಪರೂಪ, ಕಡಿಮೆ ನೀರಿನಲ್ಲೂ ಕೆಲಸ ನಡೆಯುತ್ತದೆ. ಕೊರತೆ ಎಂದರೆ ನಿಂತ ನೀರಿನ ಹರವು ಚಿಕ್ಕದು. ಒಣ ಪಿಂಗಾಣಿಗೆ ಮಲ ತಾಗಿ ಅಂಟುತ್ತದೆ, ಬ್ರಷ್ ಹೆಚ್ಚು ಬೇಕಾಗುತ್ತದೆ.

ಸೈಫಾನಿಕ್‌ನಲ್ಲಿ ದಾರಿ ಉದ್ದ, ಕಿರಿದು, ಹೆಚ್ಚು ತಿರುವು. ಫ್ಲಶ್ ಮಾಡಿದಾಗ ಆ ದಾರಿ ಪೂರ್ತಿ ನೀರು ತುಂಬಿ, ಡ್ರಮ್ಮಿನಿಂದ ಕೊಳವೆ ಹಾಕಿ ಎಣ್ಣೆ ಎಳೆದಂತೆ ಬಟ್ಟಲಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಕೊನೆಗೆ ಗುಳುಕ್ ಎಂಬ ಸದ್ದು ಬರುವುದು ಇದರಲ್ಲೇ. ನೀರಿನ ಹರವು ದೊಡ್ಡದಾದ್ದರಿಂದ ಬಟ್ಟಲು ಚೊಕ್ಕಟವಾಗಿರುತ್ತದೆ, ವಾಸನೆ ಕಡಿಮೆ. ಆದರೆ ಕಿರಿದಾದ ದಾರಿ ಬೇಗ ಕಟ್ಟುತ್ತದೆ, ನೀರು ಸ್ವಲ್ಪ ಕಡಿಮೆಯಾದರೂ ಎಳೆತ ಶುರುವಾಗುವುದಿಲ್ಲ. ಇದು ಹೆಚ್ಚಾಗಿ ಎಸ್-ಟ್ರ್ಯಾಪ್‌ನಲ್ಲೇ ಸಿಗುತ್ತದೆ. ಗೋಡೆಗೆ ಔಟ್‌ಲೆಟ್ ಇದ್ದವರ ಪಾಲಿಗೆ ಬಹುಮಟ್ಟಿಗೆ ವಾಶ್‌ಡೌನೇ ಗತಿ.

ಕೈಗೆ ಸಿಕ್ಕಿದ್ದನ್ನೆಲ್ಲ ಕಮೋಡಿಗೆ ಹಾಕುವ ಮಕ್ಕಳು ಮನೆಯಲ್ಲಿದ್ದರೆ, ನೀರಿಗೆ ಬರವಿದ್ದರೆ ವಾಶ್‌ಡೌನ್ ಆರಿಸಿ. ಅಂಟುಗಲೆ ಸಹಿಸಲಾಗದವರಿಗೆ, ನೀರು ಧಾರಾಳ ಇರುವವರಿಗೆ ಸೈಫಾನಿಕ್.

ನೀರಿನ ಲೆಕ್ಕವನ್ನೂ ಮಾಡೋಣ. ಎರಡು ಬಟನ್ನಿನ ಡ್ಯುಯಲ್ ಫ್ಲಶ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, 1980ರಲ್ಲಿ. ಆಗ ದೊಡ್ಡ ಫ್ಲಶ್‌ಗೆ 11 ಲೀಟರ್, ಚಿಕ್ಕದಕ್ಕೆ 5.5 ಲೀಟರ್ ಬೇಕಿತ್ತು. ಇಂದು 6 ಮತ್ತು 3, ಅಥವಾ 4.5 ಮತ್ತು 3 ಲೀಟರ್ ಸಾಮಾನ್ಯ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಐದು ಸಲ ಹೋಗುತ್ತಾರೆಂದು ಇಟ್ಟುಕೊಳ್ಳಿ. ಪ್ರತಿ ಸಲ 6 ಲೀಟರ್ ಬಿಟ್ಟರೆ ದಿನಕ್ಕೆ 120 ಲೀಟರ್. ಐದರಲ್ಲಿ ನಾಲ್ಕು ಸಲ ಚಿಕ್ಕ ಬಟನ್ ಒತ್ತಿದರೆ 72 ಲೀಟರ್. ಹಳೆಯ 13 ಲೀಟರಿನ ಟ್ಯಾಂಕ್ ಆಗಿದ್ದರೆ 260. ಆದರೆ ಯಾವ ಬಟನ್ ಯಾವುದಕ್ಕೆಂದು ಮನೆಯವರಿಗೆ, ಬಂದ ನೆಂಟರಿಗೆ ಗೊತ್ತಾಗದಿದ್ದರೆ ಈ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ. ಎರಡೂ ಒಂದೇ ಗಾತ್ರವಿರುವ, ಗುರುತಿಲ್ಲದ ಬಟನ್‌ಗಳನ್ನು ಬಿಟ್ಟುಬಿಡಿ.

ನೀರು ಕಡಿಮೆಯಾದಷ್ಟೂ ಒಳ್ಳೆಯದೇ? ಬಟ್ಟಲಿನ ಮಟ್ಟಿಗೆ ಹೌದು, ಪೈಪಿನ ಮಟ್ಟಿಗೆ ಯಾವಾಗಲೂ ಅಲ್ಲ. ಕಮೋಡಿನಿಂದ ಹೊರಗಿನ ಚೇಂಬರ್‌ಗೆ ಉದ್ದನೆಯ ಅಡ್ಡಪೈಪ್ ಇದ್ದು, ಇಳಿಜಾರು ಸಾಲದಿದ್ದರೆ ನಾಲ್ಕೂವರೆ ಲೀಟರ್ ನೀರು ಮಲವನ್ನು ಅರ್ಧ ದಾರಿಯಲ್ಲೇ ಬಿಟ್ಟು ಮುಂದೆ ಹರಿದುಬಿಡುತ್ತದೆ. ಮೀಟರಿಗೆ 20 ಮಿ.ಮೀ. ಇಳಿಜಾರು ಇದೆಯೇ ಎಂದು ಪ್ಲಂಬರ್ ಬಳಿ ಮಟ್ಟಗೋಲು ಇಡಿಸಿ ನೋಡಿ. ಇಲ್ಲದಿದ್ದರೆ 6 ಲೀಟರಿನದೇ ಕ್ಷೇಮ.

ಉತ್ತರ ಅಮೆರಿಕದಲ್ಲಿ ಮಾರುವ ಮಾದರಿಗಳಿಗೆ ಮ್ಯಾಪ್ ಎಂಬ ಪರೀಕ್ಷೆ 2003ರಿಂದ ಇದೆ. ಸೋಯಾಬೀನ್ ಪೇಸ್ಟಿನ ಉಂಡೆಗಳನ್ನು ಹಾಕಿ, ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆಂದು ನೋಡುತ್ತಾರೆ. ಗರಿಷ್ಠ ಅಂಕ 1000 ಗ್ರಾಂ. ನೀವು ನೋಡುತ್ತಿರುವ ಮಾದರಿಗೆ ಈ ಅಂಕ ಸಿಕ್ಕರೆ, ಜಾಹೀರಾತಿನ ಸುಂಟರಗಾಳಿ ಚಿತ್ರಕ್ಕಿಂತ ಅದನ್ನು ನಂಬಿ.

ಹಂತ 5: ನಿಮ್ಮ ಮನೆಯ ನೀರು

ನಲ್ಲಿಯಲ್ಲಿ ನೀರು ಸಣ್ಣಗೆ ಬರುವ ಮನೆಯವರು ‘ಫ್ಲಶ್ ಜೋರಾಗಿ ಬರುತ್ತದೆಯೇ’ ಎಂದು ಹೆದರುತ್ತಾರೆ. ಟ್ಯಾಂಕ್ ಇರುವ ಕಮೋಡಿನಲ್ಲಿ ಆ ಭಯ ಬೇಡ. ಲೈನಿನ ಒತ್ತಡ ಕಡಿಮೆಯಿದ್ದರೆ ಟ್ಯಾಂಕ್ ತುಂಬುವುದು ತಡವಾಗುತ್ತದೆ, ಅಷ್ಟೇ. ಫ್ಲಶ್ಶಿನ ರಭಸ ಬರುವುದು ಟ್ಯಾಂಕಿನಲ್ಲಿ ಆಗಲೇ ಕೂತ ನೀರಿನಿಂದ. ಒತ್ತಡ ಬೇಕಾಗುವುದು ಟ್ಯಾಂಕೇ ಇಲ್ಲದೆ ನೇರ ಲೈನಿನಿಂದ ಎಳೆಯುವ ಫ್ಲಶ್ ವಾಲ್ವ್‌ಗೆ, ಟ್ಯಾಂಕಿಲ್ಲದ ಸ್ಮಾರ್ಟ್ ಕಮೋಡಿಗೆ, ನೀರು ಚಿಮ್ಮಿಸುವ ಸೀಟಿಗೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಮಹಡಿಯ ಮೇಲಿನ ತೊಟ್ಟಿ ನಿಮ್ಮ ಬಾತ್‌ರೂಮಿಗಿಂತ 3 ಮೀಟರ್ ಮೇಲಿದ್ದರೆ ನಿಮಗೆ ಸಿಗುವುದು 0.3 ಬಾರ್. ಪೆಟ್ಟಿಗೆಯ ಮೇಲೆ ಬರೆದ ಕನಿಷ್ಠ ಒತ್ತಡವನ್ನು ಇದರ ಜೊತೆ ಹೋಲಿಸಿ. ಮೇಲಿನ ಮಹಡಿಯಲ್ಲಿರುವವರಿಗೆ ತೊಟ್ಟಿ ಹತ್ತಿರವಾದಷ್ಟೂ ಒತ್ತಡ ಕಡಿಮೆ ಎಂಬುದನ್ನು ಮರೆಯಬೇಡಿ.

ಗಡಸು ನೀರಾದರೆ ರಿಮ್‌ಲೆಸ್ ಕಮೋಡ್ ತನ್ನಿ. ಹಳೆಯ ಮಾದರಿಯಲ್ಲಿ ಅಂಚಿನ ಕೆಳಗೆ ಸಾಲು ತೂತುಗಳಿಂದ ನೀರು ಬರುತ್ತದೆ. ಸುಣ್ಣ ಕಟ್ಟಿ ಒಂದೊಂದೇ ತೂತು ಮುಚ್ಚುತ್ತ ಫ್ಲಶ್ ಸೊರಗುತ್ತದೆ, ಆ ಕಾಣದ ಮಡಿಕೆಯಲ್ಲಿ ಕೊಳೆ ಸೇರುತ್ತದೆ. ರಿಮ್‌ಲೆಸ್‌ನಲ್ಲಿ ಮಡಿಕೆಯೇ ಇಲ್ಲ. ಆದರೆ ಕೆಲವು ಮಾದರಿಗಳಲ್ಲಿ ನೀರು ಹೊರಕ್ಕೆ ಸಿಡಿಯುತ್ತದೆ, ಸಾಧ್ಯವಾದರೆ ನೀರು ಬಿಟ್ಟು ತೋರಿಸಲು ಕೇಳಿ.

ತೊಳೆಯುವ ಸೀಟುಗಳಲ್ಲಿ ಜಪಾನಿನ ಟೋಟೊ 1980ರಲ್ಲಿ ತಂದ ವಾಶ್‌ಲೆಟ್ ಹೆಸರಾಯಿತು. ಕೈಗೆ ನೋವಿರುವವರಿಗೆ, ಪಾರ್ಶ್ವವಾಯು ಆದವರಿಗೆ ಇದು ಆಡಂಬರವಲ್ಲ, ಇನ್ನೊಬ್ಬರ ಕೈ ಕಾಯದೆ ಬದುಕುವ ದಾರಿ. ಇಂಥದ್ದು ಮುಂದೆಂದಾದರೂ ಬೇಕಾಗಬಹುದೆಂದರೆ, ಈಗಲೇ ಕಮೋಡಿನ ಪಕ್ಕ ಒಂದು ಪ್ಲಗ್ ಪಾಯಿಂಟ್ ಇಡಿಸಿ. ಅದಕ್ಕೆ 30 ಮಿಲಿಆಂಪಿಯರ್‌ಗೆ ಕರೆಂಟ್ ಕಡಿಯುವ, ವಿದ್ಯುತ್ ಸೋರಿಕೆ ತಡೆಯುವ ಬ್ರೇಕರ್ ಇರಲೇಬೇಕು. ಕರೆಂಟ್ ಹೋದಾಗ ಕೈಯಿಂದ ಫ್ಲಶ್ ಮಾಡಲು ಬರುತ್ತದೆಯೇ ಎಂದೂ ಕೇಳಿ. ಹೆಲ್ತ್ ಫಾಸೆಟ್ ಸಾಕೆನ್ನುವವರು ಅದಕ್ಕೂ ಟ್ಯಾಂಕಿಗೂ ಬೇರೆಬೇರೆ ಆಂಗಲ್ ವಾಲ್ವ್ ಹಾಕಿಸಿ, ಊರಿಗೆ ಹೋಗುವಾಗ ಎರಡನ್ನೂ ಮುಚ್ಚಿ. ಸದಾ ಒತ್ತಡದಲ್ಲಿರುವ ತೆಳು ಹೋಸ್ ಒಂದಲ್ಲ ಒಂದು ದಿನ ಸೀಳುತ್ತದೆ.

ಹಂತ 6: ಅಂಗಡಿಯಲ್ಲಿ

ಈಗ ಅಂಗಡಿಗೆ ಹೋಗಿ. ಒಳ್ಳೆಯ ಕಮೋಡ್ ವಿಟ್ರಿಯಸ್ ಚೈನಾ ಎಂಬ ಗಟ್ಟಿ ಪಿಂಗಾಣಿಯದ್ದು. ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟದ್ದು, ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ. ಬೆರಳ ಗೆಣ್ಣಿನಿಂದ ತಟ್ಟಿ, ಗಂಟೆಯಂಥ ಸದ್ದು ಬಂದರೆ ಸರಿ, ಮಂಕಾದ ಸದ್ದು ಬಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ನಿಮಗೆ ಕೊಡುವ ಪೆಟ್ಟಿಗೆಯನ್ನೇ ಬಿಚ್ಚಿಸಿ ಸಮ ನೆಲದ ಮೇಲಿಟ್ಟು ಅಲ್ಲಾಡಿಸಿ, ಬುಡ ಕುಂಟಬಾರದು. ಹೊರದಾರಿಯೊಳಗೆ ಕೈಹಾಕಿ ಸವರಿ. ಬಟ್ಟಲಿನಂತೆ ಅಲ್ಲೂ ನುಣುಪು ಇರಬೇಕು, ಒರಟಾಗಿದ್ದರೆ ಒಳಗೆ ಗ್ಲೇಜ್ ಎಂಬ ಗಾಜಿನಂಥ ಲೇಪ ಇಲ್ಲ ಎಂದರ್ಥ. ಕೈಹಾಕಲು ಸಂಕೋಚ ಬೇಡ, ಹೊಸದೇ ತಾನೆ.

ಸೀಟ್ ಕವರ್ ಕಮೋಡಿಗಿಂತ ಮೊದಲು ಕೆಡುತ್ತದೆ. ಪಿಪಿ ಪ್ಲಾಸ್ಟಿಕ್ಕಿನದು ಹಗುರ, ಬಾಗುತ್ತದೆ. ಯುಎಫ್ (ಯೂರಿಯಾ ಫಾರ್ಮಾಲ್ಡಿಹೈಡ್) ಪ್ಲಾಸ್ಟಿಕ್ಕಿನದು ಗಟ್ಟಿ, ಗೀರು ಬೀಳುವುದು ಕಡಿಮೆ. ಸಾಫ್ಟ್-ಕ್ಲೋಸ್ ಮಕ್ಕಳ ಬೆರಳಿಗೆ ಕ್ಷೇಮ. ಚೌಕಾಕಾರದ ವಿಚಿತ್ರ ಕಮೋಡಿಗೆ ಬದಲಿ ಸೀಟ್ ಸಿಗುವುದು ಕಷ್ಟ. ಬಣ್ಣದ ಮಾತೂ ಅಷ್ಟೇ. ಬಿಳಿಯ ಮೇಲೆ ಕೊಳೆ ಬೇಗ ಕಾಣುತ್ತದೆ, ಅದು ಒಳ್ಳೆಯದೇ. ಕಪ್ಪು ಪಿಂಗಾಣಿಯ ಮೇಲೆ ಸುಣ್ಣದ ಕಲೆ ಎದ್ದು ಕಾಣುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಹಂತ 7: ಕೂರಿಸುವ ದಿನ

ಆ ದಿನ ಮನೆಯಲ್ಲೇ ಇರಿ. ಬುಡಕ್ಕೆ ಸಿಮೆಂಟ್ ಕಟ್ಟಲು ಹೊರಟರೆ ತಡೆಯಿರಿ. ಮುಂದೆ ಬಿಚ್ಚಬೇಕಾದಾಗ ಪಿಂಗಾಣಿ ಒಡೆಯದೆ ಬರುವುದಿಲ್ಲ. ಬೋಲ್ಟ್ ಹಾಕಿ, ಸುತ್ತ ಸಿಲಿಕಾನ್ ಎಳೆಸಿ, ಹಿಂದೆ ಒಂದೆರಡು ಇಂಚು ಮಾತ್ರ ಬಿಡಿಸಿ. ಕೆಳಗಿನ ಕೂಡು ಸೋರಿದರೆ ನೀರು ಅಲ್ಲಿಂದ ಹೊರಬಂದು ಸುಳಿವು ಕೊಡುತ್ತದೆ. ಪೂರ್ತಿ ಮುಚ್ಚಿದರೆ ಅದು ಕೆಳಗಿನ ಮಹಡಿಯ ಚಾವಣಿಯಲ್ಲೇ ಕಾಣುವುದು. ಬೋಲ್ಟನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಸಲಿ. ಒಂದೇ ಕಡೆ ಪೂರ್ತಿ ತಿರುಗಿಸಿದರೆ ಬುಡ ಸೀಳುತ್ತದೆ. ವಾಲ್-ಹಂಗ್ ಆದರೆ ಗೋಡೆಗೂ ಕಮೋಡಿಗೂ ನಡುವೆ ಮೆತ್ತನೆಯ ಪಟ್ಟಿ ಇದೆಯೇ ನೋಡಿ.

ಫ್ಲಶ್ ಮಾಡಿದಾಗ ಪಕ್ಕದ ನೆಲದ ಜಾಲರಿಯಿಂದ ಗುಳುಗುಳು ಸದ್ದು ಬಂದರೆ, ಗಾಳಿ ಆಡುವ ವೆಂಟ್ ಪೈಪ್ ಇಲ್ಲ ಅಥವಾ ಮುಚ್ಚಿದೆ. ಆಗ ಫ್ಲಶ್ಶಿನ ಎಳೆತಕ್ಕೆ ಟ್ರ್ಯಾಪಿನ ನೀರು ಹೋಗಿ ವಾಸನೆ ಬರುತ್ತದೆ. ಪ್ಲಂಬರ್ ಹೊರಡುವ ಮೊದಲೇ ತೋರಿಸಿ.

ಕೊನೆಯದಾಗಿ ಟ್ಯಾಂಕಿನ ನೀರಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಟ್ಟಲಿಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನ ಸೀಲ್ ಸೋರುತ್ತಿದೆ. ಸದ್ದಿಲ್ಲದೆ ಹರಿಯುವ ಈ ನೀರು ಡ್ಯುಯಲ್ ಫ್ಲಶ್ಶಿನಲ್ಲಿ ಉಳಿಸಿದ್ದೆಲ್ಲವನ್ನೂ ನುಂಗುತ್ತದೆ. ಒಂದು ತಿಂಗಳ ನಂತರ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿ, ಆಮೇಲೆ ವರ್ಷಕ್ಕೊಮ್ಮೆ. ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿ ಮಾದರಿಯ ಸಂಖ್ಯೆ, ಕೂರಿಸಿದ ದಿನಾಂಕ, ಗೋಡೆಯಿಂದ ಪೈಪಿನ ಅಳತೆ ಮೂರನ್ನೂ ಅಳಿಸದ ಪೆನ್ನಿನಲ್ಲಿ ಬರೆದಿಡಿ. ಮುಚ್ಚಳ ಇಲ್ಲದ ಕನ್ಸೀಲ್ಡ್ ಮಾದರಿ ಆದರೆ ಬಟನ್ ಪ್ಲೇಟಿನ ಹಿಂಬದಿಯಲ್ಲಿ.